‘ಬೇಜಾರು’ ಅಂದರೇನು ಅಂತ ಕಲಿಯೋಕೆ ನನಗೆ ನಾಲ್ಕು ವರ್ಷ ಹಿಡಿಯಿತು

ನನ್ನ ಬೀರುವಿನಲ್ಲಿ ಒಂದು ನೀಲಿ ಫೈಲಿದೆ. ಅದರ ತುಂಬ ಸರ್ಟಿಫಿಕೇಟು. ಎರಡು ದಿನದ ಕಾರ್ಯಾಗಾರ, ಒಂದು ದಿನದ ವಿಚಾರ ಸಂಕಿರಣ, ಲಾಕ್‌ಡೌನ್ ಕಾಲದ ವೆಬಿನಾರ್‌ಗಳು. ಎಣಿಸಿದರೆ ಹದಿನೇಳು. ಒಂದರಲ್ಲಿ ನನ್ನ ಹೆಸರೇ ತಪ್ಪಾಗಿದೆ. ತಿದ್ದಿಸೋಕೆ ಹೋಗಲಿಲ್ಲ. ಯಾರು ನೋಡ್ತಾರೆ ಅಲ್ವಾ?

ನಾನು ಚಿತ್ರದುರ್ಗದ ಒಂದು ಹೈಸ್ಕೂಲಿನಲ್ಲಿ ಆಪ್ತ ಸಮಾಲೋಚಕಿ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಅಂದರೆ ಎಂ.ಎಸ್.ಡಬ್ಲ್ಯೂ. ಮುಗಿಸಿ 2014ರಲ್ಲಿ ಸೇರಿದೆ. ಮಕ್ಕಳ ಬಾಯಲ್ಲಿ ‘ಕೌನ್ಸೆಲಿಂಗ್ ಮಿಸ್’. ಮೊದಮೊದಲು ನನ್ನ ಕೆಲಸ ಏನು ಅಂತ ಶಾಲೆಗೂ ಗೊತ್ತಿರಲಿಲ್ಲ, ನಿಜ ಹೇಳಬೇಕಂದ್ರೆ ನನಗೂ ಗೊತ್ತಿರಲಿಲ್ಲ. ಯಾರಾದರೂ ರಜೆ ಹಾಕಿದರೆ ಆ ಪೀರಿಯಡ್ಡಿಗೆ ನಾನು. ಗಲಾಟೆ ಮಾಡಿದ ಹುಡುಗನಿಗೆ ‘ಕೌನ್ಸೆಲಿಂಗ್‌ಗೆ ಕಳಿಸ್ತೀನಿ ನೋಡು’ ಅಂತ ಮೇಷ್ಟ್ರುಗಳು ಹೆದರಿಸೋರು. ನನ್ನ ರೂಮು ಆಟದ ಸಾಮಾನಿಡುವ ಕೋಣೆಯ ಪಕ್ಕದಲ್ಲಿತ್ತು. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಮಗು ಅಳುತ್ತಿರುವಾಗ ಯಾರೋ ವಾಲಿಬಾಲ್ ಕೇಳಿಕೊಂಡು ಬರುತ್ತಿದ್ದರು.

ಇಷ್ಟಾದರೂ ನಾನು ಚೆನ್ನಾಗಿಯೇ ಮಾಡ್ತಿದೀನಿ ಅಂದುಕೊಂಡಿದ್ದೆ. ಆ ನಂಬಿಕೆ ಮುರಿದದ್ದು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಯಿಂದ. ಅವಳ ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಅವಳಾಗಿಯೇ ಬಂದು ಕುರ್ಚಿಯ ತುದಿಯಲ್ಲಿ ಕೂತಳು.

‘ಏನವ್ವಾ?’ ಅಂದೆ.

‘ಏನಿಲ್ಲ ಮಿಸ್. ಸುಮ್ನೆ ಬೇಜಾರು.’

ಆಗ ಅರ್ಧ ವಾರ್ಷಿಕ ಪರೀಕ್ಷೆ ಹತ್ತಿರ ಇತ್ತು. ನಾನು ಪರೀಕ್ಷೆಯ ಭಯ ಅಂದುಕೊಂಡೆ. ಕಾರ್ಯಾಗಾರದಲ್ಲಿ ಕಲಿತಿದ್ದ ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ನಾಲ್ಕು ಎಣಿಸುತ್ತಾ ಉಸಿರು ಎಳಿ, ನಾಲ್ಕು ಎಣಿಸುತ್ತಾ ಬಿಡು. ಅವಳು ಶ್ರದ್ಧೆಯಿಂದ ಎಣಿಸಿದಳು. ‘ಈಗ ಪರವಾಗಿಲ್ಲ ಮಿಸ್’ ಅಂತ ಹೇಳಿ ಹೋದಳು. ನಾನು ರಿಜಿಸ್ಟರಿನಲ್ಲಿ ‘ಪರೀಕ್ಷಾ ಆತಂಕ, ಸಮಾಲೋಚನೆ ನೀಡಲಾಯಿತು’ ಅಂತ ಬರೆದು ಸಹಿ ಹಾಕಿದೆ.

ಎರಡು ವಾರ ಕಳೆದ ಮೇಲೆ ಅವಳು ಶಾಲೆಗೆ ಬರೋದು ನಿಂತಿತು. ಮನೆಯಲ್ಲಿ ಮದುವೆ ಮಾತಾಗಿತ್ತು. ಅವಳ ಗೆಳತಿ ಕ್ಲಾಸ್ ಟೀಚರ್ ಹತ್ತಿರ ಬಾಯಿಬಿಟ್ಟಳು. ಅವರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು. ಅಧಿಕಾರಿಗಳು ಮನೆಗೆ ಹೋಗಿ, ದೊಡ್ಡವರಿಂದ ಮುಚ್ಚಳಿಕೆ ಬರೆಸಿಕೊಂಡು ಮದುವೆ ನಿಲ್ಲಿಸಿದರು. ಹುಡುಗಿ ವಾಪಸ್ ಬಂದಳು. ಆದರೆ ನನ್ನ ರೂಮಿಗೆ ಮತ್ತೆ ಬರಲಿಲ್ಲ. ಬರುತ್ತಾಳಾದರೂ ಯಾಕೆ? ಒಂದು ಸಲ ಬಂದು ಹೇಳಿದ್ದಳಲ್ಲ.

ಆ ರಾತ್ರಿ ನೀಲಿ ಫೈಲು ತೆಗೆದು ಕೂತೆ. ಅದರಲ್ಲಿ ‘ಆಲಿಸುವ ಕೌಶಲ್ಯ’ದ ಮೇಲೇ ಮೂರು ಸರ್ಟಿಫಿಕೇಟು ಇದ್ದವು.

ನಮ್ಮ ಎಂ.ಎಸ್.ಡಬ್ಲ್ಯೂ. ಫೀಲ್ಡ್‌ವರ್ಕ್‌ನಲ್ಲಿ ಒಂದು ಪದ್ಧತಿ ಇತ್ತು. ಭೇಟಿ ಮುಗಿದ ಕೂಡಲೇ ನೆನಪಿರುವಷ್ಟನ್ನು ಮಾತಿಗೆ ಮಾತು ಬರೆದಿಡಬೇಕು. ಅವರು ಏನಂದರು, ನಾನು ಏನಂದೆ, ಆಗ ನನ್ನೊಳಗೆ ಏನಾಯಿತು. ಆಗ ಅದನ್ನು ಮಾರ್ಕ್ಸಿಗೆ ಅಂತ ಬರೆದಿದ್ದೆ. ಅರ್ಧ ಕಟ್ಟುಕತೆ. ಈಗ ನಿಜವಾಗಿ ಶುರು ಮಾಡಿದೆ. ವಾರಕ್ಕೆ ಒಂದೇ ಮಗುವಿನ ಜೊತೆಗಿನ ಮಾತುಕತೆ. ಉದ್ದ ರೂಲು ನೋಟ್‌ಬುಕ್ಕಿನ ಎಡಗಡೆ ಮಗುವಿನ ಮಾತು, ನಡುವೆ ನನ್ನದು, ಬಲಗಡೆ ಆಗ ನನ್ನ ಮನಸ್ಸಿನಲ್ಲಿ ಇದ್ದದ್ದು. ಹೆಸರಿಲ್ಲ, ತರಗತಿಯಿಲ್ಲ, ಊರಿಲ್ಲ.

ಬರೆದದ್ದನ್ನು ತೋರಿಸೋದು ಯಾರಿಗೆ? ದಾವಣಗೆರೆಯಲ್ಲಿ ಒಬ್ಬರಿದ್ದರು. ಮನೋರೋಗ ವಿಭಾಗದಲ್ಲಿ ಸಮಾಜ ಕಾರ್ಯಕರ್ತರಾಗಿ ದುಡಿದು ನಿವೃತ್ತರಾದವರು. ಅವರನ್ನು ಇಲ್ಲಿ ‘ಸರ್’ ಅಂತಷ್ಟೇ ಕರೀತೀನಿ. ಫೋನ್ ಮಾಡಿ ಅಂಜುತ್ತಲೇ ಕೇಳಿದೆ. ‘ಬಾರಮ್ಮಾ, ಒಬ್ಬಳೇ ಬರಬೇಡ, ನಿನ್ನಂಥವರು ಇನ್ನಿಬ್ಬರು ಮೂವರನ್ನ ಕರ್ಕೊಂಡು ಬಾ’ ಅಂದರು. ಹಿರಿಯೂರಿನ ಒಬ್ಬರು, ಹರಿಹರದ ಒಬ್ಬರು, ದಾವಣಗೆರೆಯವರೇ ಒಬ್ಬರು ಸಿಕ್ಕಿದರು. ತಿಂಗಳಿಗೊಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ ಹನ್ನೆರಡರ ಬಸ್ಸು ಹತ್ತಿದರೆ ಒಂದೂವರೆಗೆ ದಾವಣಗೆರೆ. ವಿದ್ಯಾನಗರದ ಒಂದು ಮನೆಯ ಮಹಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ಕಾರ್ಡ್ ತೋರಿಸಿದರೆ ಆಯ್ತು, ಟಿಕೆಟ್ ದುಡ್ಡೂ ಉಳೀತು. ಅದು ಬೆಣ್ಣೆ ದೋಸೆಗೆ ಹೋಯಿತು ಅನ್ನೋದು ಬೇರೆ ಮಾತು.

ಮೊದಲ ಸಲ ಓದಿದ್ದು ನಾನು. ಅಪ್ಪ ಕುಡಿದು ಬಂದು ಗಲಾಟೆ ಮಾಡುವ ಮನೆಯ ಹುಡುಗ. ನನ್ನ ನೋಟ್‌ಬುಕ್ಕಿನಲ್ಲಿ ಹೀಗಿತ್ತು:

‘ಅಪ್ಪ ಕುಡ್ಕೊಂಡು ಬರ್ತಾನೆ ಮಿಸ್. ಅವ್ವಂಗೆ ಹೊಡೀತಾನೆ.’

‘ನೀನು ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡ. ಚೆನ್ನಾಗಿ ಓದಿ ಅಮ್ಮನ್ನ ನೋಡ್ಕೋಬೇಕು ಅಲ್ವಾ?’

‘ಹೂಂ ಮಿಸ್.’

ಸರ್ ಕೈ ಎತ್ತಿದರು. ‘ಇಲ್ಲಿ ನಿಲ್ಸಮ್ಮಾ. ಈ ಹೂಂ ಆದ್ಮೇಲೆ ಆ ಹುಡುಗ ಎಷ್ಟು ಮಾತಾಡಿದಾನೆ ನೋಡು.’ ನೋಡಿದೆ. ಮುಂದಿನ ಎರಡು ಪುಟದ ಎಡಗಡೆ ಬರೀ ‘ಹೂಂ’, ‘ಇಲ್ಲ’, ‘ಗೊತ್ತಿಲ್ಲ’. ನಡುವಿನ ಕಾಲಂ ಮಾತ್ರ ತುಂಬಿ ತುಳುಕುತ್ತಿತ್ತು. ಹನ್ನೊಂದು ಪ್ರಶ್ನೆ ಕೇಳಿದ್ದೆ, ಒಂಬತ್ತಕ್ಕೆ ತಲೆ ಅಲ್ಲಾಡಿಸಿದರೆ ಸಾಕಿತ್ತು. ಬಲಗಡೆ ನಾನೇ ಬರೆದುಕೊಂಡಿದ್ದೆ: ‘ಇದಕ್ಕೆ ಏನು ಹೇಳಬೇಕೋ ತಿಳೀಲಿಲ್ಲ.’ ಬುದ್ಧಿ ಹೇಳಿದ್ದು ಅವನಿಗಾಗಿ ಅಲ್ಲ, ನನ್ನ ಗಾಬರಿ ಮುಚ್ಚಿಕೊಳ್ಳೋಕೆ.

ಮುಖ ಎತ್ತೋಕೆ ಆಗಲಿಲ್ಲ. ಹರಿಹರದವರು ನೀರಿನ ಲೋಟ ನನ್ನ ಕಡೆ ಸರಿಸಿ, ‘ಮುಂದಿನ ತಿಂಗಳು ನಂದು ಓದ್ತೀನಿ, ಇದಕ್ಕಿಂತ ಕಡೆ ಇದೆ’ ಅಂದರು. ನಿಜವಾಗಿಯೂ ಹಾಗೇ ಇತ್ತು!

ಆಮೇಲೆ ಅದೇ ಜಾಗದಿಂದ ಮತ್ತೆ ಆಡಿ ನೋಡಿದೆವು. ಹಿರಿಯೂರಿನವರು ಹುಡುಗ, ನಾನು ನಾನೇ. ‘ಅವ್ವಂಗೆ ಹೊಡೀತಾನೆ’ ಅಂದ ಮೇಲೆ ಹತ್ತು ಎಣಿಸುವ ತನಕ ಬಾಯಿ ತೆರೆಯಬಾರದು ಅಂತ ಸರ್ ಕಟ್ಟಪ್ಪಣೆ. ಮೇಲೆ ಫ್ಯಾನು ಕಿರ್ ಕಿರ್ ಅನ್ನುತ್ತಿತ್ತು. ಏಳಕ್ಕೆ ಬರುವಷ್ಟರಲ್ಲಿ ‘ಹುಡುಗ’ ತಾನಾಗಿಯೇ ಅಂದ: ‘ಬಿಡ್ಸಾಕೆ ಹೋದ್ರೆ ನಂಗೂ ಹೊಡೀತಾನೆ.’ ಹಿರಿಯೂರಿನವರು ಅದನ್ನು ಮೊದಲೇ ಯೋಚಿಸಿ ಹೇಳಿದ್ದಲ್ಲವಂತೆ, ಸುಮ್ಮನೆ ಕೂತಾಗ ಬಾಯಿಗೆ ಬಂತಂತೆ.

ಸರ್‌ಗೆ ಬಳ್ಳಾರಿಯ ಕತೆ ಹೇಳೋದು ಬಹಳ ಇಷ್ಟ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರು, ಸಿಬ್ಬಂದಿಗೆ ಮಾನಸಿಕ ಕಾಯಿಲೆ ಗುರುತಿಸೋದು, ಔಷಧ ಕೊಡೋದು ಕಲಿಸಿದ್ದರು. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಅದೇ ಮಾದರಿಯ ಮೇಲೆ. ‘ಅಲ್ಲಿ ಕಲಿಸಿ ಕೈ ತೊಳ್ಕೊಳ್ಳಲಿಲ್ಲ ಕಣಮ್ಮಾ, ಜಿಲ್ಲೆಯಲ್ಲಿ ಒಂದು ತಂಡ ಅವರ ಬೆನ್ನಿಗೆ ನಿಂತಿತ್ತು’ ಅನ್ನುತ್ತಾರೆ. ನಮಗೆ ಕೊಟ್ಟ ತರಬೇತಿಗಳಲ್ಲಿ ಕಾಣೆಯಾಗಿದ್ದದ್ದು ಆ ಬೆನ್ನು.

ಇನ್ನು ‘ಬೇಜಾರು’. ಕಾರ್ಯಾಗಾರದಲ್ಲಿ ನಮಗೆ ಭಾವನೆಗಳ ಚಕ್ರ ಅಂತ ಒಂದು ಬಣ್ಣದ ಚಿತ್ರ ಕೊಟ್ಟಿದ್ದರು. ಇಂಗ್ಲಿಷಿನದ್ದು. ಯಾರೋ ಕನ್ನಡಕ್ಕೆ ತಂದದ್ದೂ ಸಿಕ್ಕಿತು: ಖಿನ್ನತೆ, ಹತಾಶೆ, ಉದ್ವೇಗ, ಅಭದ್ರತೆ. ಚಳ್ಳಕೆರೆ ಕಡೆಯ ಯಾವ ಹುಡುಗ ‘ನನಗೆ ಅಭದ್ರತೆ ಆಗ್ತಿದೆ ಮಿಸ್’ ಅಂತಾನೆ ಹೇಳಿ? ಅವನು ಹೇಳೋದು ಬೇಜಾರು. ಅವ್ವ ಸತ್ತರೂ ಬೇಜಾರು, ಕ್ರಿಕೆಟ್ ಮ್ಯಾಚ್ ಸೋತರೂ ಬೇಜಾರು, ಬರೀ ಸುಸ್ತಾಗಿದ್ದರೂ ಬೇಜಾರು.

ಅದಕ್ಕೇ ನಾವು ನಾಲ್ವರೂ ಒಂದೊಂದು ಸಣ್ಣ ಪುಸ್ತಕ ಇಟ್ಟೆವು. ಮಗು ‘ಬೇಜಾರು’ ಅಂದರೆ ‘ಆ ಬೇಜಾರು ಎಲ್ಲಿ ಆಗುತ್ತೆ, ಹೆಂಗೆ ಆಗುತ್ತೆ?’ ಅಂತ ಕೇಳೋದು, ಅದು ಹೇಳಿದ್ದನ್ನು ಅದರ ಮಾತಲ್ಲೇ ಬರೆಯೋದು. ಎದೆ ಧಸಕ್ ಅಂತೈತೆ. ಹೊಟ್ಟೆ ಕಿವುಚಿದಂಗಾಗ್ತೈತೆ. ತಲೆ ಧಿಂ ಅಂತೈತೆ. ಯಾವುದ್ರಾಗೂ ಮನಸಿಲ್ಲ. ಮಕ ಎತ್ತಾಕಾಗಲ್ಲ. ಎಲ್ಲಾರ್ ಮೇಲೂ ಸಿಟ್ಟು ಬರ್ತೈತೆ. ಇದರಲ್ಲಿ ಭಯ ಯಾವುದು, ನಾಚಿಕೆ ಯಾವುದು, ದುಃಖ ಯಾವುದು ಅಂತ ಕೂತು ವಿಂಗಡಿಸಿದೆವು. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ತರಬೇತಿ ಇನ್ನೊಂದಿಲ್ಲ.

ಒಂದು ಮಾತಂತೂ ಮರೆಯೋಕಾಗಲ್ಲ. ‘ನಾಲ್ಕು ದಿನ ಹೊರಗಿದ್ದೆ ಮಿಸ್.’ ಹುಡುಗಿ ಮುಟ್ಟಾಗಿದ್ದಳು ಅಂತ ಯಾವ ಕನ್ನಡದ ಹೆಂಗಸಿಗಾದರೂ ಗೊತ್ತಾಗುತ್ತೆ. ಬೇರೆ ಕಡೆ ಅದು ಮಾತಿನ ಮರೆ ಅಷ್ಟೇ. ನಮ್ಮ ಜಿಲ್ಲೆಯ ಕೆಲವು ಹಟ್ಟಿಗಳಲ್ಲಿ ಅದು ನಿಜವಾಗಿಯೂ ಹೊರಗೇ, ಮನೆಯಾಚೆ, ಮಳೆ ಚಳಿಯಲ್ಲೂ. ನಾನು ಎಷ್ಟೋ ಸಲ ಆ ಮಾತಿಗೆ ತಲೆಯಾಡಿಸಿ ಮುಂದೆ ಹೋಗಿದ್ದೆ. ‘ರಾತ್ರಿ ಎಲ್ಲಿ ಮಲಗಿದ್ದೆ?’ ಅಂತ ಕೇಳಿದ್ದು ಈ ಪುಸ್ತಕ ಶುರುವಾದ ಮೇಲೆ.

ಇನ್ನೊಂದು ಮಾತು ‘ಸಾಕಾಗೈತೆ’. ಇದಕ್ಕೆ ನಾವು ಕೆಂಪು ಗೆರೆ ಎಳೆದುಕೊಂಡಿದ್ದೇವೆ. ಲೆಕ್ಕ ಮಾಡಿ ಸಾಕಾಗಿರಬಹುದು, ಬದುಕೇ ಸಾಕಾಗಿರಬಹುದು. ಕೇಳದೆ ತಿಳಿಯಲ್ಲ. ಸಾವಿನ ಬಗ್ಗೆ ನೇರವಾಗಿ ಕೇಳಿದರೆ ಮಗುವಿನ ತಲೆಗೆ ಆ ಯೋಚನೆ ನಾವೇ ಹಾಕಿದಂತೆ ಆಗಲ್ಲ ಅಂತ ಪ್ರತಿ ತರಬೇತಿಯಲ್ಲೂ ಹೇಳುತ್ತಾರೆ. ಅದು ನನಗೆ ಗೊತ್ತಿತ್ತು, ಬರೆದೂ ಇಟ್ಟುಕೊಂಡಿದ್ದೆ. ಆದರೆ ಮಗುವಿನ ಎದುರು ನಾಲಿಗೆ ಏಳುತ್ತಿರಲಿಲ್ಲ. ‘ಏನೇನೋ ಯೋಚನೆ ಬರುತ್ತಾ?’ ಅಂತ ಸುತ್ತಿ ಬಳಸಿ ಕೇಳುತ್ತಿದ್ದೆ. ಆ ಮಹಡಿಯ ಮೇಲೆ ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಜೋರಾಗಿ ಹೇಳಿ ಅಭ್ಯಾಸ ಮಾಡಿದೆವು: ‘ಸತ್ತು ಹೋಗಬೇಕು ಅಂತ ಅನ್ನಿಸಿದೆಯಾ?’ ಮೊದಲ ಸಲ ಧ್ವನಿ ನಡುಗಿತು. ಹತ್ತನೇ ಸಲಕ್ಕೆ ‘ಊಟ ಆಯ್ತಾ’ ಅಂತ ಕೇಳುವಷ್ಟು ಮೆತ್ತಗೆ ಬಂತು. ಹೌದು ಅಂದರೆ ಏನು ಮಾಡಬೇಕು ಅನ್ನೋದನ್ನೂ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ: ಮಗುವನ್ನು ಒಂಟಿಯಾಗಿ ಬಿಡಬಾರದು, ಮನೆಯವರಿಗೆ ಅವತ್ತೇ ಹೇಳಬೇಕು, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. ಅದು 2022ರಲ್ಲಿ ಶುರುವಾದದ್ದು, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಹಾಗಂತ ದೊಡ್ಡ ಕೋರ್ಸುಗಳು ದಂಡ ಅಂತ ನಾನು ಹೇಳಲ್ಲ. ನಮ್ಮ ಗುಂಪಿನ ಒಬ್ಬರು ಎನ್‌ಸಿಇಆರ್‌ಟಿಯ ಮಾರ್ಗದರ್ಶನ ಮತ್ತು ಸಮಾಲೋಚನೆ ಡಿಪ್ಲೊಮಾ ಮಾಡಿಕೊಂಡು ಬಂದರು. ಒಂದು ವರ್ಷದ್ದು. ಆರು ತಿಂಗಳು ಮನೆಯಿಂದಲೇ ಓದು, ಮೂರು ತಿಂಗಳು ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಇರಬೇಕು, ಉಳಿದ ಮೂರು ತಿಂಗಳು ಶಾಲೆಯಲ್ಲಿ ಇಂಟರ್ನ್‌ಶಿಪ್. ಸಂಬಳವಿಲ್ಲದ ರಜೆ, ಮನೆಯಲ್ಲಿ ಚಿಕ್ಕ ಮಗು. ಅವರ ಅತ್ತೆ ‘ಹೋಗಿ ಬಾ, ನಾನಿದೀನಿ’ ಅಂದದ್ದಕ್ಕೆ ಆಯಿತು. ಎಲ್ಲರ ಮನೆಯಲ್ಲೂ ಅಂಥ ಅತ್ತೆ ಇರಲ್ಲ. ಅವರು ತಂದ ನೋಟ್ಸ್ ನಾವೆಲ್ಲ ಹಂಚಿಕೊಂಡೆವು.

ಕಾನೂನು ಮಾತ್ರ ಸರಿಯಾಗಿ ಗೊತ್ತಿರುವವರಿಂದಲೇ ಕಲಿಯಬೇಕು. ಮೊದಲೆಲ್ಲ ನಾನು ಮಗುವಿಗೆ ‘ಯಾರಿಗೂ ಹೇಳಲ್ಲ, ದೇವರಾಣೆ’ ಅಂತಿದ್ದೆ. ಅದು ತಪ್ಪು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. ಈಗ ಮೊದಲ ದಿನವೇ ಹೇಳಿಬಿಡುತ್ತೇನೆ: ‘ನೀನು ಹೇಳಿದ್ದು ನನ್ನ ಹತ್ರಾನೇ ಇರುತ್ತೆ. ಆದ್ರೆ ಯಾರಾದ್ರೂ ನಿನಗೆ ಕೆಟ್ಟದ್ದು ಮಾಡ್ತಿದ್ರೆ, ಇಲ್ಲಾ ನೀನೇ ನಿನಗೆ ಏನಾದ್ರೂ ಮಾಡ್ಕೋಬೇಕು ಅಂತಿದ್ರೆ, ಆಗ ನಾನು ಸುಮ್ನಿರೋಕಾಗಲ್ಲ. ಯಾರಿಗೆ ಹೇಳ್ತೀನಿ ಅಂತ ಮೊದಲು ನಿನಗೇ ಹೇಳ್ತೀನಿ.’ ಇದನ್ನು ಕೇಳಿದರೆ ಮಕ್ಕಳು ಬಾಯಿ ಮುಚ್ಚಿಕೊಳ್ತಾರೆ ಅಂತ ಹೆದರಿದ್ದೆ. ಇಲ್ಲ. ಆಣೆ ಹಾಕುವ ದೊಡ್ಡವರನ್ನು ಅವರು ಬೇಕಾದಷ್ಟು ನೋಡಿದ್ದಾರೆ.

2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಚಿತ್ರದುರ್ಗ ಜಿಲ್ಲೆ ರಾಜ್ಯಕ್ಕೇ ಮೊದಲು. ಮುಂದಿನ ವರ್ಷ 21ನೇ ಸ್ಥಾನ. ಆ ಬೇಸಿಗೆಯಲ್ಲಿ ಯಾವ ಸ್ಟಾಫ್ ರೂಮಿಗೆ ಹೋದರೂ ಸೂತಕದ ಮನೆ. ಬೈಸಿಕೊಂಡ ಮೇಷ್ಟ್ರು ಮಕ್ಕಳಿಗೆ ಬೈತಾರೆ, ಬೈಸಿಕೊಂಡ ಮಗು ನನ್ನ ಹತ್ತಿರ ಬರುತ್ತೆ. ನಾನು ಮೊದಲು ಮೇಷ್ಟ್ರ ಜೊತೆ ಕೂರಬೇಕು ಅಂತ ಅರ್ಥವಾದದ್ದು ಆಗ. ಮಧ್ಯಾಹ್ನದ ಊಟದ ಡಬ್ಬಿ ತಗೊಂಡು ಸ್ಟಾಫ್ ರೂಮಿಗೇ ಹೋಗೋಕೆ ಶುರು ಮಾಡಿದೆ. ಉಪದೇಶ ಇಲ್ಲ, ಸುಮ್ನೆ ಊಟ. ಎರಡು ತಿಂಗಳಾದ ಮೇಲೆ ‘ಕೌನ್ಸೆಲಿಂಗ್‌ಗೆ ಕಳಿಸ್ತೀನಿ ನೋಡು’ ಅನ್ನುತ್ತಿದ್ದವರಲ್ಲೇ ಒಬ್ಬರು ಬಂದು ಕೂತರು. ಮಗನ ವಿಷಯ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ತರಬೇತಿ ಪಡೆದ ಸಮಾಲೋಚಕರು ಇರಬೇಕು, ಸಿಬ್ಬಂದಿಗೆಲ್ಲ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಕೊಡಬೇಕು ಅಂತ ಹೇಳಿತು. ಒಳ್ಳೆಯದೇ ಆಯಿತು. ಆಮೇಲೆ ನನಗೆ ಶಾಲೆಗಳಿಂದ ಫೋನುಗಳು ಬರೋಕೆ ಶುರುವಾದವು. ‘ಮೇಡಂ, ಸರ್ಟಿಫಿಕೇಟ್ ಇರೋರು ಯಾರಾದ್ರೂ ಇದ್ರೆ ಹೇಳಿ.’ ಸರ್ಟಿಫಿಕೇಟಿಗೇನು, ನನ್ನ ಹತ್ತಿರ ಹದಿನೇಳಿವೆ. ಅವರಿಗೆ ತಿಂಗಳಿಗೆ ಒಂದು ಶನಿವಾರ ಮಧ್ಯಾಹ್ನ ಬಿಡುವು ಕೊಡ್ತೀರಾ, ಬಾಗಿಲು ಮುಚ್ಚುವ ಒಂದು ರೂಮು ಕೊಡ್ತೀರಾ ಅಂತ ಕೇಳುತ್ತೇನೆ. ಆಗ ‘ನೋಡಿ ಹೇಳ್ತೀವಿ’ ಅಂತಾರೆ.

ನನ್ನ ರೂಮಿನ ಬಾಗಿಲು ಕಳೆದ ವರ್ಷ ರಿಪೇರಿ ಆಯಿತು. ಗುಂಪಿಗೆ ಚಳ್ಳಕೆರೆಯಿಂದ ಹೊಸಬರೊಬ್ಬರು ಸೇರಿದ್ದಾರೆ. ಈ ಶನಿವಾರ ಓದುವ ಸರದಿ ನನ್ನದು. ನಿನ್ನೆ ರಾತ್ರಿ ಬರೆಯುತ್ತಾ ಕೂತಿದ್ದೆ. ಮೂರನೇ ಪುಟದಲ್ಲಿ ಒಂದು ಕಡೆ ಹುಡುಗಿ ಅಳೋಕೆ ಶುರು ಮಾಡಿದ ಕೂಡಲೇ ‘ನೀರು ಕುಡೀತೀಯಾ?’ ಅಂತ ಅವಳ ಮಾತು ತುಂಡು ಮಾಡಿದ್ದೇನೆ. ಹನ್ನೊಂದು ವರ್ಷದ ಮೇಲೂ! ಹೊಸಬರ ಎದುರು ಯಾಕೆ, ಆ ಒಂದು ಸಾಲು ಬಿಟ್ಟುಬಿಡೋಣ ಅನ್ನಿಸಿತು. ಬಿಡಲಿಲ್ಲ, ಬರೆದೆ. ಬಲಗಡೆ ‘ಮತ್ತೆ ಗಾಬರಿ’ ಅಂತಲೂ ಬರೆದು ಮಲಗಿದೆ.