ಎಫ್‌ಐಆರ್‌ನಲ್ಲಿ ಹೆಸರು ಬಂದಾಗ ವಕೀಲರನ್ನು ಗೊತ್ತುಮಾಡುವುದು ಹೇಗೆ?

ಕ್ರಿಮಿನಲ್ ಪ್ರಕರಣದಲ್ಲಿ ಮನೆಯವರೊಬ್ಬರ ಹೆಸರು ಸೇರಿದೆ ಎಂದು ತಿಳಿದೊಡನೆ ಫೋನ್ ಕರೆಗಳು ಶುರುವಾಗುತ್ತವೆ. ಭಾವನ ಗೆಳೆಯನೊಬ್ಬ ‘ನಮ್ಮವರೇ ಒಬ್ಬರಿದ್ದಾರೆ, ದುಡ್ಡು ಹೊಂದಿಸಿಕೊಳ್ಳಿ, ಸಂಜೆಯೊಳಗೆ ಜಾಮೀನು’ ಎನ್ನುತ್ತಾನೆ. ಗಾಬರಿಯಲ್ಲಿ ವಕಾಲತ್ತಿಗೆ, ಅಂದರೆ ನಮ್ಮ ಪರ ವಾದಿಸಲು ವಕೀಲರಿಗೆ ಅಧಿಕಾರ ಕೊಡುವ ಪತ್ರಕ್ಕೆ, ಸಹಿ ಬೀಳುತ್ತದೆ. ಕೆಲವು ತಿಂಗಳ ನಂತರ ಅದೇ ಮನೆಯವರು ನ್ಯಾಯಾಲಯದ ಮೊಗಸಾಲೆಯಲ್ಲಿ ನಿಂತು ‘ನಮ್ಮ ಪರ ಇವತ್ತು ಯಾರು ಬಂದಿದ್ದಾರೆ?’ ಎಂದು ಕಂಡಕಂಡ ಕರಿಕೋಟಿನವರನ್ನೆಲ್ಲ ಕೇಳುತ್ತಿರುತ್ತಾರೆ. ನ್ಯಾಯಾಲಯದ ವರದಿಗೆಂದು ಹೋದಾಗಲೆಲ್ಲ ಇಂಥವರು ಎದುರಾಗುತ್ತಾರೆ. ಈ ಲೇಖನ ಬರೆಯಲು ಅವರೇ ಕಾರಣ.

ಮೊದಲು ಕಾಗದಪತ್ರ

ಎಫ್‌ಐಆರ್ ಪ್ರತಿ ಕೈಗೆ ಬರದೆ ಯಾವ ವಕೀಲರೂ ಖಚಿತವಾಗಿ ಏನನ್ನೂ ಹೇಳಲಾರರು. ಸುಪ್ರೀಂ ಕೋರ್ಟ್ 2016ರಲ್ಲಿ ಕೊಟ್ಟ ನಿರ್ದೇಶನದಂತೆ, ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟರೆ ಉಳಿದ ಎಫ್‌ಐಆರ್‌ಗಳು ಸಾಮಾನ್ಯವಾಗಿ 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಬರಬೇಕು. ಠಾಣೆಯಿಂದ ಹಾಜರಾಗುವಂತೆ ನೋಟಿಸ್ ಬಂದಿದ್ದರೆ ಅದನ್ನೂ ಜೋಪಾನವಾಗಿಡಿ. ಕ್ರಿಮಿನಲ್ ಪ್ರಕರಣಗಳ ನಡಾವಳಿಯ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಸೆಕ್ಷನ್ ಪ್ರಕಾರ ಬಂದ ನೋಟಿಸ್ ಪಾಲಿಸುತ್ತಿರುವವರನ್ನು ಕಾರಣ ದಾಖಲಿಸದೆ ಬಂಧಿಸುವಂತಿಲ್ಲ. ನೋಟಿಸ್ ಕಡೆಗಣಿಸಿದರೆ ಆ ರಕ್ಷಣೆ ನೀವಾಗಿಯೇ ಕಳೆದುಕೊಂಡಂತೆ.

ಈಗಾಗಲೇ ಬಂಧನವಾಗಿದ್ದರೆ, ಪೊಲೀಸ್ ವಿಚಾರಣೆಯ ವೇಳೆ ತನ್ನಿಚ್ಛೆಯ ವಕೀಲರನ್ನು ಭೇಟಿಯಾಗುವ ಹಕ್ಕು ಅದೇ ಸಂಹಿತೆಯ 38ನೇ ಸೆಕ್ಷನ್‌ನಲ್ಲಿದೆ. ಆದರೆ ವಿಚಾರಣೆ ಮುಗಿಯುವವರೆಗೂ ವಕೀಲರು ಪಕ್ಕದಲ್ಲೇ ಇರಬೇಕೆಂದು ಕೇಳುವ ಹಕ್ಕು ಅದರಲ್ಲಿಲ್ಲ. ಪೊಲೀಸರು ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೆ ಹೇಳಿದವರ ಸಹಿ ಪಡೆಯುವಂತಿಲ್ಲ ಎಂಬುದೂ ನೆನಪಿರಲಿ. ಇನ್ನೊಂದು ಮಾತು: ದೂರುದಾರರಿಗೆ ಕರೆ ಮಾಡಿ ‘ಮಾತಾಡಿ ಮುಗಿಸೋಣ’ ಎನ್ನಬೇಡಿ. ಜಾಮೀನು ಅರ್ಜಿಯ ದಿನ ಆ ಕರೆಯೇ ಸಾಕ್ಷಿಯನ್ನು ಬೆದರಿಸಿದ ಆರೋಪವಾಗಿ ಎದುರು ಬರುತ್ತದೆ.

ಯಾರನ್ನು ಹುಡುಕಬೇಕು

ನಿಮ್ಮ ಪ್ರಕರಣ ಯಾವ ನ್ಯಾಯಾಲಯದಲ್ಲಿ ನಡೆಯುವುದೋ ಅಲ್ಲಿ ದಿನವೂ ಕ್ರಿಮಿನಲ್ ಪ್ರಕರಣ ನಡೆಸುವವರನ್ನೇ ಹುಡುಕಿ. ಆಸ್ತಿ ವ್ಯಾಜ್ಯದಲ್ಲಿ ಗೆಲ್ಲಿಸಿಕೊಟ್ಟ ಕುಟುಂಬದ ವಕೀಲರು ಎಷ್ಟೇ ಒಳ್ಳೆಯವರಾಗಿದ್ದರೂ ಪಾಟೀಸವಾಲು (ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು) ಬೇರೆಯೇ ವಿದ್ಯೆ. ಪದಾಂಕಿತ ಹಿರಿಯ ವಕೀಲರ (ನ್ಯಾಯಾಲಯವೇ ಆ ಪದವಿ ಕೊಟ್ಟವರ) ಮನೆ ಬಾಗಿಲಿಗೆ ನೇರವಾಗಿ ಹೋಗಿಯೂ ಪ್ರಯೋಜನವಿಲ್ಲ. ನಿಯಮದ ಪ್ರಕಾರ ಅವರು ವಕಾಲತ್ತು ಹಾಕುವಂತಿಲ್ಲ, ಇನ್ನೊಬ್ಬ ವಕೀಲರ ಮೂಲಕವೇ ಬರಬೇಕು.

ಎರಡು ಮೂರು ಹೆಸರು ಸಿಕ್ಕ ಮೇಲೆ ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರಿನಿಂದ ಹುಡುಕಿ. ಅವರು ಎಂಥ ಪ್ರಕರಣ ನಡೆಸುತ್ತಾರೆ, ಯಾವ ನ್ಯಾಯಾಲಯದಲ್ಲಿ ಎಂಬುದು ಅಲ್ಲೇ ಕಾಣುತ್ತದೆ. ಠಾಣೆಯ ಗೇಟಿನ ಬಳಿ ಚೀಟಿ ಕೊಡುವವರನ್ನೂ ‘ಖಚಿತ ಜಾಮೀನು’ ಎಂದು ಜಾಹೀರಾತು ಹಾಕುವವರನ್ನೂ ದೂರವಿಡಿ. ಜಾಹೀರಾತಿನಿಂದಾಗಲಿ ದಲ್ಲಾಳಿಗಳಿಂದಾಗಲಿ ಕಕ್ಷಿದಾರರನ್ನು ಸೆಳೆಯುವುದನ್ನು ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. ಮೊದಲ ದಿನವೇ ನಿಯಮ ಮುರಿದವರ ಕೈಗೆ ನಿಮ್ಮ ಬಿಡುಗಡೆಯನ್ನು ಒಪ್ಪಿಸಬೇಡಿ.

ಮೊದಲ ಭೇಟಿ: ಕೆಡುವುದು ಇಲ್ಲೇ

ಹೆಚ್ಚಿನವರು ಎಡವುವ ಜಾಗ ಇದು. ಐದಾರು ಮಂದಿ ನೆಂಟರು ಕಚೇರಿಯೊಳಗೆ ನುಗ್ಗುತ್ತಾರೆ, ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ಆರೋಪ ಹೊತ್ತವನು ಮಾತ್ರ ತಲೆ ತಗ್ಗಿಸಿ ಕೂತಿರುತ್ತಾನೆ. ಅಪ್ಪನೆದುರು ಹೇಳಲಾಗದ ಸಂಗತಿ ಅವನಲ್ಲಿರುತ್ತದೆ, ಅದೇ ಪ್ರಕರಣದ ತಿರುಳಾಗಿರುತ್ತದೆ. ಅದಕ್ಕೇ ಹೇಳುತ್ತೇನೆ: ಆರೋಪಿ ವಕೀಲರೊಂದಿಗೆ ಒಬ್ಬನೇ ಕೂತು ಮಾತಾಡಲಿ. ಶುಲ್ಕ ಕಟ್ಟುವವರಾದರೂ ಸರಿ, ಹೊರಗೆ ಕಾಯಲಿ.

ಕಕ್ಷಿದಾರ ಹೇಳಿದ್ದನ್ನು ವಕೀಲರು ಅವನ ಒಪ್ಪಿಗೆಯಿಲ್ಲದೆ ಬಯಲು ಮಾಡುವಂತಿಲ್ಲ, ಕಾನೂನೇ ಆ ಗುಟ್ಟನ್ನು ಕಾಯುತ್ತದೆ. ಈ ರಕ್ಷಣೆ ಇರುವುದು ನಡೆದುಹೋದ ಸಂಗತಿಗೆ. ಮುಂದೆ ಅಪರಾಧ ಎಸಗಲು ಕೇಳುವ ಸಲಹೆಗೆ ಅಲ್ಲ. ಹಾಗಾಗಿ ಕಳಿಸಿದ ಸಂದೇಶ, ಪಡೆದ ಹಣ, ಹಳೆಯ ಪ್ರಕರಣ ಯಾವುದನ್ನೂ ಮುಚ್ಚಿಡಬೇಡಿ. ಮುಚ್ಚಿಟ್ಟ ಸಂದೇಶವನ್ನು ಸರ್ಕಾರಿ ಅಭಿಯೋಜಕರು ನ್ಯಾಯಾಧೀಶರ ಮುಂದಿಟ್ಟಾಗ ನಿಮ್ಮ ವಕೀಲರು ಅದನ್ನು ಮೊದಲ ಬಾರಿ ಓದುವಂತಾದರೆ, ಆ ದಿನದ ವಾದ ಅಲ್ಲಿಗೇ ಕುಸಿಯುತ್ತದೆ. ಹೋಗುವ ಮುನ್ನ ತಾರೀಖಿನ ಕ್ರಮದಲ್ಲಿ ಒಂದು ಹಾಳೆ ಬರೆದುಕೊಳ್ಳಿ: ಅಂದು ಎಲ್ಲಿದ್ದಿರಿ, ಯಾರು ಜೊತೆಗಿದ್ದರು, ಅದಕ್ಕೆ ಯಾವ ಕಾಗದ ಇದೆ.

ನೀವೂ ಪ್ರಶ್ನೆ ಕೇಳಬೇಕು. ಸಂಕೋಚ ಬೇಡ.

ವಾಯಿದೆಯ ದಿನ ಬರುವವರು ನೀವೋ ಕಿರಿಯರೋ? ಸಾಕ್ಷಿಗಳ ಪಾಟೀಸವಾಲು ಯಾರು ಮಾಡುತ್ತಾರೆ? ಕಿರಿಯರು ಬರುವುದು ತಪ್ಪಲ್ಲ, ಮುಂದೂಡಿಕೆಯ ದಿನಕ್ಕೆ ಅವರೇ ಸಾಕು. ಮುಖ್ಯ ಸಾಕ್ಷಿಯ ದಿನ ಯಾರು ಎದ್ದು ನಿಲ್ಲುತ್ತಾರೆ ಎಂಬುದು ಮಾತ್ರ ಮೊದಲೇ ಇತ್ಯರ್ಥವಾಗಲಿ. ಆರೋಪಿ ಜೈಲಿನಲ್ಲಿದ್ದರೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ‘ಆರೋಪಪಟ್ಟಿ ಸಲ್ಲಿಸುವ ಗಡುವು ಎಂದು ಮುಗಿಯುತ್ತದೆ?’ ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಇಲ್ಲವೇ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ 90 ದಿನ, ಉಳಿದವಕ್ಕೆ 60 ದಿನ. ಕೆಲವು ವಿಶೇಷ ಕಾನೂನುಗಳಲ್ಲಿ ಲೆಕ್ಕ ಬೇರೆ. ಅಷ್ಟರೊಳಗೆ ಪೊಲೀಸರು ಆರೋಪಪಟ್ಟಿ ಸಲ್ಲಿಸದಿದ್ದರೆ ಜಾಮೀನು ಹಕ್ಕಾಗಿಯೇ ಸಿಗುತ್ತದೆ. ಆದರೆ ಅದಕ್ಕೆ ಅರ್ಜಿ ಹಾಕಬೇಕು, ಆರೋಪಪಟ್ಟಿ ಬರುವ ಮುನ್ನವೇ ಹಾಕಬೇಕು. ಒಂದೇ ದಿನ ತಡವಾದರೂ ಅವಕಾಶ ಕೈತಪ್ಪುತ್ತದೆ. ಈ ಪ್ರಶ್ನೆಗೆ ಎದುರಿಗಿರುವವರು ರಿಮ್ಯಾಂಡ್ ಆದ (ನ್ಯಾಯಾಧೀಶರು ಮೊದಲು ಬಂಧನಕ್ಕೆ ಒಪ್ಪಿಸಿದ) ತಾರೀಖು ಕೇಳಿ ಎಣಿಸತೊಡಗಿದರೆ ಭರವಸೆ ಇಡಬಹುದು. ‘ಅದೆಲ್ಲ ನಮಗೆ ಬಿಡಿ’ ಎಂದರೆ ನಾನಂತೂ ಎದ್ದು ಬರುತ್ತೇನೆ.

ಒಂದೇ ಪ್ರಕರಣದಲ್ಲಿ ಅಣ್ಣ ತಮ್ಮ ಇಬ್ಬರೂ ಆರೋಪಿಗಳಾಗಿದ್ದರೆ ಖರ್ಚು ಉಳಿಸಲು ಒಬ್ಬರೇ ವಕೀಲರನ್ನು ಹಿಡಿಯುವುದು ರೂಢಿ. ಇಬ್ಬರ ಸಮರ್ಥನೆಯೂ ಒಂದೇ ಆಗಿದ್ದರೆ ಸರಿ. ‘ನಾನು ಅಲ್ಲಿರಲಿಲ್ಲ, ಅವನಿದ್ದ’ ಎಂದು ಒಬ್ಬ ಹೇಳಬೇಕಾಗಿದ್ದರೆ ಬೇರೆ ಬೇರೆ ವಕೀಲರೇ ಬೇಕು.

ಶುಲ್ಕ, ಸಹಿ

ಜಾಮೀನಿಗೆ ಎಷ್ಟು, ವಿಚಾರಣೆಗೆ ಎಷ್ಟು, ಹೈಕೋರ್ಟಿಗೆ ಹೋಗಬೇಕಾದರೆ ಎಷ್ಟು ಎಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಹಂತ ಹಂತವಾಗಿ ಕೊಡಿ, ರಸೀದಿ ಪಡೆಯಿರಿ. ಗೆದ್ದರೆ ಇಷ್ಟು ಎಂಬ ಕರಾರು ನಿಯಮಬಾಹಿರ. ‘ಮೇಲಿನವರಿಗೆ ಕೊಡಬೇಕು’ ಎಂದು ಕೇಳುವವರು ನಿಮ್ಮನ್ನು ಇನ್ನೊಂದು ಅಪರಾಧಕ್ಕೆ ಎಳೆಯುತ್ತಿದ್ದಾರೆ.

ವಕಾಲತ್ತನ್ನು ಓದಿ ಸಹಿ ಮಾಡಿ. ಅದರಲ್ಲಿ ಯಾರ ಯಾರ ಹೆಸರಿದೆ ನೋಡಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಖಾಲಿ ಹಾಳೆಗೆ, ಖಾಲಿ ಛಾಪಾ ಕಾಗದಕ್ಕೆ ಸಹಿ ಮಾಡಬೇಡಿ. ‘ಮತ್ತೆ ಮತ್ತೆ ಬರುವುದು ತಪ್ಪುತ್ತದೆ’ ಎಂಬ ಮಾತಿಗೆ ಮರುಳಾಗಿ ಮಾಡುವ ಸಹಿ ಅದು.

ಹಣವಿಲ್ಲದಿದ್ದರೆ

ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ ಅಥವಾ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರಿಗೆ ಅರ್ಹರು. ಇದನ್ನು ದಾನವೆಂದು ಯಾರೂ ಕುಗ್ಗಬೇಕಿಲ್ಲ. ಬಡ ಆರೋಪಿಗೆ ಉಚಿತ ಕಾನೂನು ನೆರವು ಮೂಲಭೂತ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ ಹುಸೇನಾರಾ ಖಾತೂನ್ ಪ್ರಕರಣದಲ್ಲಿ 1979ರಲ್ಲೇ ಹೇಳಿದೆ.

ವಕೀಲರನ್ನು ಬದಲಿಸುವುದಾದರೆ

ಸಾಕ್ಷಿ ವಿಚಾರಣೆ ಶುರುವಾಗುವ ಮುನ್ನವೇ ಬದಲಿಸಿ. ಹಳೆಯ ವಕೀಲರಿಂದ ನಿರಾಕ್ಷೇಪಣಾ ಸಹಿ ಪಡೆಯಿರಿ. ಅವರು ಒಪ್ಪದಿದ್ದರೆ ಹೊಸಬರು ನ್ಯಾಯಾಲಯದ ಅನುಮತಿ ಕೇಳುತ್ತಾರೆ. ಶುಲ್ಕ ಬಾಕಿಯಿದೆ ಎಂದು ಕಡತ ಹಿಡಿದಿಟ್ಟುಕೊಳ್ಳುವ ಅಧಿಕಾರ ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ತೀರ್ಪು ನೀಡಿದೆ. ಆದರೂ ಕೊಡದಿದ್ದರೆ ರಾಜ್ಯ ವಕೀಲರ ಪರಿಷತ್ತಿಗೆ ಲಿಖಿತ ದೂರು ಕೊಡಿ. ಅದು ಇತ್ಯರ್ಥವಾಗುವವರೆಗೆ ಕಾಯದೆ, ಹೊಸ ವಕೀಲರ ಮೂಲಕ ನ್ಯಾಯಾಲಯದಿಂದಲೇ ದಾಖಲೆಗಳ ದೃಢೀಕೃತ ನಕಲಿಗೆ ಅರ್ಜಿ ಹಾಕಿಸಿ.