ಕ್ಲಾಸ್‌ಮೇಟ್‌ಗಳ ಹುಳುಕು ಹಲ್ಲು ಎಣಿಸುವುದು ಹೇಗೆ?

"ಡೆಂಟಲ್ ಓದೋರ ಹಲ್ಲೂ ಹುಳುಕಾಗುತ್ತಾ?" ದಾವಣಗೆರೆಯಲ್ಲಿ ಬಿಡಿಎಸ್ ಫೈನಲ್ ಇಯರ್ ಓದುವಾಗ ನಮ್ಮ ಪಿಜಿ ಆಂಟಿ ಕೇಳಿದ್ದರು. ಆಗುತ್ತದೆ ಆಂಟಿ. ಎಷ್ಟು ಜನಕ್ಕೆ ಅಂತ ಬಾಯಿ ತೆರೆಸಿಯೇ ನೋಡಬೇಕು. ಒಂದು ಶನಿವಾರ ನಮ್ಮ ಬ್ಯಾಚಿನಲ್ಲೇ ನೋಡಿದೆವು. ನೀವೂ ನೋಡುವುದಾದರೆ ಹೀಗೆ ಮಾಡಿ.

ಮೊದಲು ಒಪ್ಪಿಗೆ ಕೇಳಿ. ಹೆಸರು ಬೇಡ, ನಂಬರ್ ಕೊಡಿ. ಇಲ್ಲದಿದ್ದರೆ ಸಂಜೆಯೊಳಗೆ ಎಲ್ಲರ ಹಲ್ಲಿನ ಜಾತಕ ಹಾಸ್ಟೆಲ್ ತುಂಬಾ ಓಡಾಡುತ್ತದೆ. ಒಬ್ಬೊಬ್ಬರಿಗೂ ಆಟೋಕ್ಲೇವ್ ಆದ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಂದ) ಬೇರೆ ಕನ್ನಡಿ, ಹಲ್ಲು ಮುಟ್ಟಿ ನೋಡುವ ಬೇರೆ ಕಡ್ಡಿ, ಅಂದರೆ ಪ್ರೋಬ್. ತುದಿಯಲ್ಲಿ 0.5 ಮಿ.ಮೀ. ಗುಂಡಿರುವ ಡಬ್ಲ್ಯುಎಚ್‌ಒ ಪ್ರೋಬ್ ಸಾಕು. ಚೂಪು ತುದಿಯ ಕಡ್ಡಿ, ಅಂದರೆ ಎಕ್ಸ್‌ಪ್ಲೋರರ್‌ನಿಂದ ಚುಚ್ಚಬೇಡಿ, ಮೆತ್ತಗಾಗುತ್ತಿರುವ ಎನಾಮೆಲ್ (ಹಲ್ಲಿನ ಹೊರಪದರ) ಅಲ್ಲೇ ಮುರಿಯಬಹುದು.

ಎಣಿಕೆಗೆ ಡಿಎಂಎಫ್‌ಟಿ (ಡಿಕೇಯ್ಡ್, ಮಿಸ್ಸಿಂಗ್, ಫಿಲ್ಡ್ ಟೀತ್), 1938ರ ಹಳೇ ಲೆಕ್ಕ. ಹುಳುಕಿದ್ದರೆ ಡಿ, ಹುಳುಕಿನಿಂದ ಕಿತ್ತಿದ್ದರೆ ಎಂ, ತುಂಬಿಸಿದ್ದರೆ ಎಫ್. ಒಂದೇ ಹಲ್ಲಿನಲ್ಲಿ ಫಿಲ್ಲಿಂಗೂ ಹೊಸ ಹುಳುಕೂ ಇದ್ದರೆ ಡಿ ಮಾತ್ರ. ನಾವು ಎಡವಿದ್ದು ಎಂನಲ್ಲಿ. ಕ್ಲಿಪ್ ಹಾಕಿಸಲು ಪ್ರಿಮೋಲಾರ್ (ಕೋರೆಹಲ್ಲಿನ ಹಿಂದಿನ ಸಣ್ಣ ದವಡೆ ಹಲ್ಲು) ಕೀಳಿಸಿಕೊಂಡವರು ಎಲ್ಲ ಬ್ಯಾಚಿನಲ್ಲೂ ಇರುತ್ತಾರಲ್ವಾ? ಅದನ್ನು ಸೇರಿಸಬೇಡಿ. ಬರೀ ಬಿಳಿ ಮಚ್ಚೆ, ಕಪ್ಪು ಗೆರೆ ಕಂಡರೂ ಡಿ ಅಲ್ಲ. ಗುಳಿ ಇರಬೇಕು, ಇಲ್ಲವೇ ಪ್ರೋಬಿಗೆ ಮೆತ್ತಗೆ ಸಿಗಬೇಕು. ಅನುಮಾನವಿದ್ದರೆ ಹುಳುಕಿಲ್ಲ ಅಂತಲೇ ಬರೆಯಿರಿ.

ಗೆಳತಿಯರ ಬಾಯನ್ನು ಗೆಳತಿಯರಿಗೇ ಕೊಡಬೇಡಿ. ರಾತ್ರಿ ಓದುವಾಗ ನಾನು ಬಿಸ್ಕತ್ತು ಖಾಲಿ ಮಾಡುವುದನ್ನು ನೋಡಿದ ರೂಮ್‌ಮೇಟ್ ಹುಡುಕಿ ಹುಡುಕಿ ಡಿ ಬರೆಯುತ್ತಾಳೆ. ನನಗೆ ಆದದ್ದೇ ಇದು.

ಇನ್ನು ಲೆಕ್ಕ. ಜಾಸ್ತಿ ಜನ ಮೋಸ ಹೋಗುವುದು ಇಲ್ಲೇ. ನನ್ನ 46ರಲ್ಲಿ (ಬಲಗಡೆ ಕೆಳಗಿನ ಮೊದಲ ದೊಡ್ಡ ದವಡೆ ಹಲ್ಲಿಗೆ ನಮ್ಮ ನಂಬರ್ ಇದು) ಹುಳುಕು, ಬೇರೆ ಎರಡು ಹಲ್ಲಿಗೆ ಹಳೇ ಫಿಲ್ಲಿಂಗ್. ಒಟ್ಟು 3. ನಾಳೆ 46 ತುಂಬಿಸಿದರೂ 3! ಡಿ ಒಂದು ಹೋಗಿ ಎಫ್ ಆಗುತ್ತದೆ, ಅಷ್ಟೇ. ಹಾಗಾಗಿ ಫಸ್ಟ್ ಇಯರ್, ಫೈನಲ್ ಇಯರ್ ಹೋಲಿಸುವಾಗ ಒಟ್ಟು ಅಂಕಿ ನೋಡಿ "ಓದಿ ಏನು ಬಂತು" ಅನ್ನಬೇಡಿ. ಡಿ, ಎಫ್ ಬೇರೆ ಬೇರೆ ತೋರಿಸಿ. ಒಂದಾದರೂ ಡಿ ಇರುವವರು ನೂರಕ್ಕೆ ಎಷ್ಟು ಅಂತಲೂ ತೆಗೆಯಿರಿ. ಆಂಟಿ ಕೇಳಿದ್ದಕ್ಕೆ ಉತ್ತರ ಅದೇ. ಹಲ್ಲುಗಳ ಸಂದಿಯ ಹುಳುಕು ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ, ಎಣಿಸುವುದಕ್ಕೋಸ್ಕರ ಸುಮ್ನೆ ಎಕ್ಸ್‌ರೇ ತೆಗೆಯುವುದೂ ಸರಿಯಲ್ಲ. ನಿಜವಾದ ಸಂಖ್ಯೆ ಇನ್ನೂ ಜಾಸ್ತಿಯೇ ಇರಬಹುದು ಅಂತ ಒಂದು ಸಾಲು ಬರೆದುಬಿಡಿ.

ಕೊನೆಗೆ ಕೆಲವರನ್ನು ಇನ್ನೊಂದು ದಿನ ಕೂರಿಸಿ, ಹಳೇ ಶೀಟ್ ನೋಡದೆ ಮತ್ತೆ ಎಣಿಸಿ. ಎರಡೂ ಸಲದ ಲೆಕ್ಕ ತಾಳೆಯಾಗಬೇಕು. ನನ್ನನ್ನು ಈ ಸಲ ಬೇರೆಯವಳು ನೋಡಿದಳು. ಅವಳೂ 46 ಡಿ ಅಂದಳು. ಮಂಗಳವಾರ ರೂಮ್‌ಮೇಟೇ ತುಂಬಿಸಿದಳು, ಬಿಸ್ಕತ್ತಿನ ಡಬ್ಬಿ ತನ್ನ ಕಬೋರ್ಡಿನಲ್ಲಿ ಬೀಗ ಹಾಕಿಟ್ಟು.