ಅರ್ಧಕ್ಕೆ ನಿಂತ ಹಳೇ ವಿ8 ಗಾಡಿಯನ್ನು ಮಾರುವುದು ಹೇಗೆ

ಶೆಡ್ಡಿನಲ್ಲಿ ವಿ8, ಅಂದರೆ ಎಂಟು ಸಿಲಿಂಡರಿನ ಇಂಜಿನ್ನಿನ ಹಳೇ ಅಮೆರಿಕನ್ ಗಾಡಿಯೊಂದು ಇಟ್ಟಿಗೆ ಮೇಲೆ ನಿಂತಿದೆ, ಅದನ್ನು ಮುಗಿಸೋದು ನಿಮ್ಮಿಂದ ಆಗಲ್ಲ ಅಂತ ಖಾತ್ರಿಯಾಗಿದೆ ಅಂದರೆ ಈಗಲೇ ಮಾರಿ. ಇನ್ನೊಂದು ಮಳೆಗಾಲ ಕಾಯಬೇಡಿ. ನಾನು ಪುಣೆಯ ಭೋಸರಿಯಲ್ಲಿ ಒಂದು ತಗಡಿನ ಶೆಡ್ಡಿನಲ್ಲಿ 1965ರ ಶೆವರ್ಲೆ ಇಂಪಾಲವನ್ನು ಆರು ವರ್ಷ ಇಟ್ಟುಕೊಂಡಿದ್ದೆ. ಎರಡು ವರ್ಷ ಕೆಲಸ ಚೆನ್ನಾಗಿ ನಡೆಯಿತು. ಆಮೇಲೆ ಟಿಂಕರಿಂಗ್ ಮಾಡುತ್ತಿದ್ದ ಚಾಚಾ ಊರಿಗೆ ಹೋದರು, ಮಗಳ ಕಾಲೇಜು ಫೀ ಬಂತು, ಗಾಡಿ ಹಾಗೇ ನಿಂತಿತು. ಹೋದ ವರ್ಷ ದಸರಾ ಆದಮೇಲೆ ಮಾರಿದೆ. ಮುಗಿಸುವವರ ಕೈಗೇ ಹೋಯಿತು ಅನ್ನೋದು ನನಗೆ ಇವತ್ತಿಗೂ ದೊಡ್ಡ ಸಮಾಧಾನ.

ಮೊದಲು ಕಾಗದ ನೋಡಿ. ಆರ್‌ಸಿ ಬುಕ್ ಕೈಯಲ್ಲಿ ಹಿಡಿದು, ಅದರಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೇಲಿನ ನಂಬರಿಗೆ ತಾಳೆ ಹಾಕಿ. ಅಮೆರಿಕದಲ್ಲಿ ತಯಾರಾದ 1965ರ ಶೆವರ್ಲೆಯಲ್ಲಿ ಆ ಪ್ಲೇಟು ಎಡಗಡೆ ಮುಂದಿನ ಬಾಗಿಲಿನ ಕೀಲು ಕೂರುವ ಕಂಬದ ಮೇಲಿರುತ್ತದೆ. ಮೊದಲ ಅಂಕಿ 1 ಅಂದರೆ ಶೆವರ್ಲೆ. ಮುಂದಿನದು 64 ಇದ್ದರೆ ವಿ8 ಇಂಜಿನ್ನಿನ ಇಂಪಾಲ. ಆಮೇಲಿನ ಎರಡು ಅಂಕಿ ಬಾಡಿಯದು: 37 ಎರಡು ಬಾಗಿಲಿನದು, 39 ನಾಲ್ಕು ಬಾಗಿಲಿನ, ಕಿಟಕಿಗಳ ನಡುವೆ ಕಂಬವಿಲ್ಲದ ಹಾರ್ಡ್‌ಟಾಪ್. ನಂತರದ 5 ಅಂದರೆ 1965. ಎರಡು ಬಾಗಿಲಿನ ಗಾಡಿಯ ಬೆಲೆಯೇ ಬೇರೆ, ಹಾಗಾಗಿ ಬಲ್ಲ ಗಿರಾಕಿ ಬಂದ ಕೂಡಲೇ ಮೊಬೈಲ್ ಲೈಟ್ ಹಾಕಿ ನೋಡುವುದು ಇದನ್ನೇ.

ಇಂಜಿನ್ ವಿಷಯದಲ್ಲಿ ನಮ್ಮಲ್ಲಿ ಒಂದು ತೊಡಕು ಜಾಸ್ತಿ. 1973ರಲ್ಲಿ ಪೆಟ್ರೋಲ್ ಬೆಲೆ ಏರಿದ ಮೇಲೆ ಎಷ್ಟೋ ಇಂಥ ಗಾಡಿಗಳ ವಿ8 ಇಳಿಸಿ ಡೀಸೆಲ್ ಇಂಜಿನ್ ಕೂರಿಸಿದರು. ಮ್ಯಾಟಡೋರ್ ವ್ಯಾನಿನ ಇಂಜಿನ್ ಹಾಕಿದ್ದೂ ಉಂಟು. ನಿಮ್ಮದರಲ್ಲೂ ಹಾಗಾಗಿದ್ದರೆ ಅದು ಆರ್‌ಸಿಯಲ್ಲಿ ದಾಖಲಾಗಿದೆಯಾ ನೋಡಿ, ಆಗಿಲ್ಲದಿದ್ದರೆ ಗಿರಾಕಿಗೆ ಬಾಯಿಬಿಟ್ಟು ಹೇಳಿ. ಹಳೇ ವಿ8 ಬ್ಲಾಕ್ ಮೂಲೆಯಲ್ಲಿ ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಕೊಡಬೇಡಿ, ಜಾಮ್ ಆಗಿದ್ದರೂ ಅದು ಗಾಡಿಯ ಜೊತೆಗೇ ಹೋಗಲಿ. 2021ರ ಕೇಂದ್ರ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಇಂಜಿನ್ ಹೆಚ್ಚು ಬದಲಾಗದ ಗಾಡಿಗೆ ಮಾತ್ರ ವಿಂಟೇಜ್ ನೋಂದಣಿ ಸಿಗುತ್ತದೆ. ಕೊಳ್ಳುವವರು ಆ ಆಸೆ ಇಟ್ಟುಕೊಂಡೇ ಬರುತ್ತಾರೆ.

ನನ್ನದು ಹುಬ್ಬಳ್ಳಿಯ ಒಂದು ಮನೆಯಿಂದ ತಂದ ಗಾಡಿ, ಮೈಸೂರು ರಾಜ್ಯದ ಕಾಲದ ಎಂವೈ ನಂಬರು. ಆನ್‌ಲೈನ್‌ನಲ್ಲಿ ಹುಡುಕಿದರೆ ಅದು ಇರಲೇ ಇಲ್ಲ. ಇಂಥ ಹಳೇ ನಂಬರುಗಳಿಗೆ ಆರ್‌ಟಿಒದಲ್ಲಿ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೇ ಪುಸ್ತಕದ ದಾಖಲೆಯನ್ನು ಕಂಪ್ಯೂಟರಿಗೆ ಸೇರಿಸುವ ಕೆಲಸ, ಮಾಡಿಸಬೇಕು. ಗಾಡಿ ಮಾರಾಟಕ್ಕಿಡುವ ಮೊದಲೇ ಈ ಕೆಲಸ ಮುಗಿಸಿ, ಯಾಕೆಂದರೆ ಗಿರಾಕಿ ಕಾಯುತ್ತಿರುವಾಗ ಓಡಾಡಿದರೆ ಬೆಲೆ ಇಳಿಯುತ್ತದೆ. ಆರ್‌ಸಿ ತೀರಿಕೊಂಡ ಹಿರಿಯರ ಹೆಸರಲ್ಲಿದ್ದರೆ ಮೊದಲು ಫಾರ್ಮ್ 31ರಲ್ಲಿ ನಿಮ್ಮ ಹೆಸರಿಗೆ ಬರಲಿ.

ಈಗ ಸಾಮಾನು. ಬಿಚ್ಚಿಟ್ಟ ಗಾಡಿಯ ಬೆಲೆ ಇರುವುದೇ ಬಿಚ್ಚಿಟ್ಟ ಸಾಮಾನಿನಲ್ಲಿ, ಅಲ್ವಾ? ಒಂದು ವಾರ ರಜೆ ಹಾಕಿಯಾದರೂ ಎಲ್ಲವನ್ನೂ ನೆಲದ ಮೇಲೆ ಹರಡಿ. ಒಂದೊಂದು ಜಾಗದ ನಟ್ಟು-ಬೋಲ್ಟು ಒಂದೊಂದು ಪ್ಲಾಸ್ಟಿಕ್ ಚೀಲಕ್ಕೆ, ಚೀಲದ ಮೇಲೆ ಮಾರ್ಕರಿನಲ್ಲಿ ಹೆಸರು. ಇರುವುದು, ಇಲ್ಲದ್ದು ಎರಡನ್ನೂ ಒಂದು ಪಟ್ಟಿಯಲ್ಲಿ ಬರೆಯಿರಿ. ಬಂಪರ್, ಬಾಗಿಲು, ಬಾನೆಟ್ ಕೂರಿಸಲು ಬಂದರೆ ಎರಡು ಬೋಲ್ಟಾದರೂ ಹಾಕಿ ಕೂರಿಸಿಬಿಡಿ. ಗಾಡಿ ಗಾಡಿಯ ಹಾಗೆ ಕಾಣಬೇಕು, ನಾಲ್ಕು ಚಕ್ರದ ಮೇಲೆ ಉರುಳಬೇಕು. ಇದರಷ್ಟು ಬೆಲೆ ಏರಿಸುವ ಕೆಲಸ ಇನ್ನೊಂದಿಲ್ಲ. ಹೊಸ ಪೇಂಟ್ ಮಾತ್ರ ಹೊಡೆಸಬೇಡಿ. ಕೆಳಗೆ ಏನು ಮುಚ್ಚಿಟ್ಟಿದ್ದಾರೋ ಅಂತ ಅನುಮಾನ ಬರುತ್ತದೆ.

ಇಂಪಾಲದ ಹಿಂದೆ ಆರು ದುಂಡನೆಯ ಲ್ಯಾಂಪು, ಕಡೆಗೆ ಮೂರರಂತೆ. ಬೆಳಗಾವಿಯಿಂದ ಬಂದ ಹಿರಿಯರೊಬ್ಬರು ಪೆಟ್ಟಿಗೆಯಲ್ಲಿದ್ದ ಕೆಂಪು ಲೆನ್ಸುಗಳನ್ನು ಒಂದೊಂದಾಗಿ ತೆಗೆದು, ಧೋತರದ ಅಂಚಿನಿಂದ ಒರೆಸಿ, ಬಾನೆಟ್ ಮೇಲೆ ಸಾಲಾಗಿ ಇಟ್ಟರು. ಐದೇ ಇದ್ದವು. "ಇನ್ನೊಂದ ಎಲ್ಲಿ ಹೋತ್ರಿ ಸರ?" ಅಂದರು. "ಇಲ್ರಿ, ನಾ ತರೋವಾಗ್ಲೇ ಐದ ಇದ್ದವು, ಪಟ್ಟಿಯೊಳಗ ಬರದೇನ್ರಿ" ಅಂದು ಪಟ್ಟಿ ತೋರಿಸಿದೆ. ಇಲ್ಲದ್ದನ್ನೂ ಬರೆದಿದ್ದ ಆ ಪಟ್ಟಿಯನ್ನು ಅವರು ಪೂರ್ತಿ ಓದಿದರು. ಆಮೇಲೆ ಯಾವ ಡಬ್ಬಿಯನ್ನೂ ಬಿಚ್ಚಿ ನೋಡಲಿಲ್ಲ.

ಫೋಟೋ ತೆಗೆಯುವಾಗಲೂ ಅಷ್ಟೇ. ತುಕ್ಕಿನ ಜಾಗ ಮೊದಲು: ಡಿಕ್ಕಿಯ ತಳ, ಕಾಲಿಡುವ ತಳ, ಹಿಂದಿನ ಗಾಜಿನ ಕೆಳಗಿನ ಅಂಚು, ಬಾಡಿ ಚಾಸಿಯ ಮೇಲೆ ಕೂರುವ ರಬ್ಬರ್ ಬುಷ್‌ಗಳ ಸುತ್ತ. ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಬಾಡಿ ಮೇಲೆ ಓಡಿಸಿದರೆ ತಗ್ಗು ಮುಚ್ಚಲು ಮೆತ್ತಿದ ಪುಟ್ಟಿ ದಪ್ಪಗಿರುವ ಕಡೆ ಹಿಡಿಯಲ್ಲ. ಆ ಜಾಗ ನೀವೇ ತೋರಿಸಿ. ಇಂಜಿನ್ ಸ್ಟಾರ್ಟ್ ಆಗದಿದ್ದರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು, ಕ್ರ್ಯಾಂಕ್ ಬೋಲ್ಟಿಗೆ ಪಾನಾ ಹಾಕಿ ಕೈಯಲ್ಲಿ ತಿರುಗಿಸುವ ವಿಡಿಯೋ ಮಾಡಿ.

ಬೆಲೆ ಕಟ್ಟುವಾಗ ನಿಮ್ಮ ಬಿಲ್ಲುಗಳನ್ನು ಕೂಡಿಸಬೇಡಿ. ಆ ದುಡ್ಡು ಪೂರ್ತಿ ವಾಪಸ್ ಬರಲ್ಲ. ಅಂಥದೇ ಮುಗಿದ ಗಾಡಿ ಎಷ್ಟಕ್ಕೆ ಹೋಗುತ್ತದೆ ಕೇಳಿ, ಉಳಿದ ಕೆಲಸದ ಖರ್ಚು ಕಳೆಯಿರಿ, ಕಾಣದ ಖರ್ಚಿಗೆ ಅಂತ ಇನ್ನೊಂದಷ್ಟು ಬಿಡಿ. ಮುಂಬೈಯ ಕುರ್ಲಾದ ಕಡೆಯಿಂದ ಬಂದು ಬರೀ ಕ್ರೋಮ್ ಸಾಮಾನು ಕೊಡಿ, ಕೈಯಲ್ಲೇ ಕ್ಯಾಶ್ ಅನ್ನುವವರೂ ಸಿಗುತ್ತಾರೆ. ಕೊಡಬೇಡಿ. ಕ್ರೋಮ್ ಹೋದ ಗಾಡಿಯನ್ನು ಆಮೇಲೆ ಕೇಳುವವರು ಗುಜರಿಯವರು ಮಾತ್ರ.

ಸಂಚಕಾರ ತಗೊಂಡರೆ ಚೀಟಿ ಬರೆಯಿರಿ, ಉಳಿದದ್ದು ಬ್ಯಾಂಕಿಗೆ ಬಂದಮೇಲೆ ಗಾಡಿ ಬಿಡಿ. ಮಾಲೀಕರ ಹೆಸರು ಬದಲಿಸುವ ಫಾರ್ಮ್ 29, 30 ಸಹಿ ಮಾಡಿಕೊಟ್ಟು ಸುಮ್ನೆ ಕೂರಬೇಡಿ. ಅದೇ ರಾಜ್ಯದಲ್ಲಾದರೆ 14 ದಿನ, ಬೇರೆ ರಾಜ್ಯಕ್ಕಾದರೆ 45 ದಿನದೊಳಗೆ ಮಾರಾಟವನ್ನು ಆರ್‌ಟಿಒಗೆ ತಿಳಿಸಬೇಕು. ಬೇರೆ ರಾಜ್ಯಕ್ಕೆ ಆರ್‌ಟಿಒದ ನಿರಾಕ್ಷೇಪಣಾ ಪತ್ರವೂ (ಎನ್‌ಒಸಿ) ಬೇಕು. ನನ್ನ ಗಾಡಿ ಇನ್ನೂ ಕರ್ನಾಟಕದ ನೋಂದಣಿಯಲ್ಲೇ ಇದ್ದದ್ದರಿಂದ ಬೆಳಗಾವಿಯವರಿಗೆ ಆ ಓಡಾಟ ತಪ್ಪಿತು. ಹೆಸರು ಬದಲಾಗುವವರೆಗೆ ಅಪಘಾತದ ಹೊಣೆ ದಾಖಲೆಯಲ್ಲಿರುವ ಮಾಲೀಕರದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಸಾಗಿಸಲು ಫ್ಲ್ಯಾಟ್‌ಬೆಡ್ ಮಾತಾಡುವಾಗ ಉದ್ದ ಹೇಳಿ, ಇಂಪಾಲ 17 ಅಡಿ ದಾಟುತ್ತದೆ. ಬಿಚ್ಚಿದ ಮುಂದಿನ ಗಾಜನ್ನು ಮಲಗಿಸಬೇಡಿ, ರಜಾಯಿ ಸುತ್ತಿ ನಿಲ್ಲಿಸಿ ಕಟ್ಟಿ. ಮನೆಯ ಅಟ್ಟವನ್ನೂ ಒಮ್ಮೆ ನೋಡಿ. ನಾನು ನೋಡಿರಲಿಲ್ಲ. ಗಾಡಿ ಹೋಗಿ ಮೂರು ವಾರಕ್ಕೆ ದೀಪಾವಳಿ ಡಬ್ಬಿಗಳ ಹಿಂದೆ ಗಾಜು ಇಳಿಸುವ ಎರಡು ಹಿಡಿಕೆ ಸಿಕ್ಕವು. ಅವತ್ತು ರಾತ್ರಿಯೇ ಬೆಳಗಾವಿ ಬಸ್ಸಿಗೆ ಪಾರ್ಸೆಲ್ ಹಾಕಿದೆ.